ದೇವಮ್ಮನ ಸ್ಪ್ಯಾನಿಷ್, ನನ್ನ ಗುರು-ಲಘು

ಕನ್ನಡ ವ್ಯಾಕರಣ ಕಲಿಸುವವರಿಗೆ ಹತ್ತಿಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಒಂದು ರೋಗ ಅಂಟಿಕೊಳ್ಳುತ್ತದೆ. ಎದುರಿಗಿರುವವರು ಏನು ಹೇಳುತ್ತಿದ್ದಾರೆ ಎಂಬುದು ಕಿವಿಗೆ ಇಳಿಯುವುದೇ ಇಲ್ಲ. ಹೇಗೆ ಹೇಳುತ್ತಿದ್ದಾರೆ ಎಂಬುದಷ್ಟೇ ಇಳಿಯುತ್ತದೆ. ಒಮ್ಮೆ ಪಕ್ಕದ ಮನೆಯಾಕೆ ಓಡಿಬಂದು, "ಸರ್, ನಿಮ್ಮ ಬಾಗ್ಲಾಗ ಚೋಳು ಬಂದೈತ್ರಿ!" ಎಂದು ಕೂಗಿದರು. "ಚೋಳು ಅಲ್ಲಮ್ಮಾ, ಚೇಳು ಅನ್ನಬೇಕು" ಎಂದೆ ನಾನು. ಆಕೆ ತಮ್ಮ ಮಾತನ್ನು ತಿದ್ದಿಕೊಂಡು ಮತ್ತೊಮ್ಮೆ ಹೇಳುವಷ್ಟರಲ್ಲಿ ಆ ಚೇಳು ತನ್ನ ಶುದ್ಧರೂಪದಲ್ಲೇ ನನ್ನ ಚಪ್ಪಲಿಯೊಳಗೆ ಹೋಗಿ ಕೂತಿತ್ತು. ನಾನು ಶಹಾಪುರದ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಮೇಷ್ಟ್ರು. ಮಕ್ಕಳು ಪ್ರಬಂಧದಲ್ಲಿ 'ಅವ್ವ ಹೊಲಕ್ಕ ಹೋಗ್ಯಾಳ' ಎಂದು ಬರೆದರೆ ಕೆಂಪು ಪೆನ್ನಿನಿಂದ ಅಡ್ಡಗೆರೆ ಎಳೆದು 'ಹೋಗಿದ್ದಾಳೆ' ಎಂದು ಬರೆಯುವುದರಲ್ಲೇ ನನ್ನ ಕಣ್ಣುಗಳು ಮಂಜಾಗಿವೆ. ಮನೆಯಲ್ಲಿ ಮಾತ್ರ ನಾನೂ 'ಹೋಗ್ಯಾಳ' ಎನ್ನುವವನೇ. ಆದರೆ ಅದು ಗಂಟೆ ಬಾರಿಸಿದ ಮೇಲಿನ ಮಾತು.

ಇಂಥ ಮನುಷ್ಯನ ಜೊತೆ ಮೂವತ್ತು ವರ್ಷ ಸಂಸಾರ ಮಾಡಿದವಳು ದೇವಮ್ಮ. ಸುರಪುರಕ್ಕೆ ಹತ್ತಿಕೊಂಡ ರಂಗಂಪೇಟೆ ಅವಳ ತವರು. ಅಪ್ಪ ಕುರಿ ಕಾಯುತ್ತಿದ್ದರು, ಅವ್ವ ಕೌದಿ ಹೊಲಿಯುತ್ತಿದ್ದರು. ಹಳೆಯ ಸೀರೆ, ಧೋತರ, ಸವೆದ ಅಂಗಿ ಎಲ್ಲವನ್ನೂ ತುಂಡು ಮಾಡಿ, ಒಂದರ ಮೇಲೊಂದು ಇಟ್ಟು, ಸಣ್ಣ ಸಣ್ಣ ಹೊಲಿಗೆಯಲ್ಲಿ ಒಂದಾಗಿಸಿದರೆ ಚಳಿಗಾಲಕ್ಕೊಂದು ಹೊದಿಕೆ. ಆ ಕೈಗುಣ ದೇವಮ್ಮನಿಗೂ ಬಂದಿದೆ. ಹತ್ತನೆಯ ಇಯತ್ತೆಯವರೆಗೆ ಚೆನ್ನಾಗಿ ಓದಿದವಳು ಪಿಯುಸಿಯಲ್ಲಿ ಇಂಗ್ಲಿಷಿಗೆ ಎಡವಿ ಬಿದ್ದಳು. ಬಿದ್ದಲ್ಲಿಂದ ಎಬ್ಬಿಸುವ ಬದಲು ಮನೆಯವರು ನನಗೆ ಕೊಟ್ಟು ಮದುವೆ ಮಾಡಿದರು. ಇಂಗ್ಲಿಷಿನ ಮೇಲೆ ಅವಳ ಸಿಟ್ಟು ಇಂದಿಗೂ ಆರಿಲ್ಲ. "ಬರ್ದಿದ್ದನ್ನ ಓದಬಾರ್ದು, ಓದಿದ್ದನ್ನ ಬರೀಬಾರ್ದು ಅಂದ್ರ ಅದೆಂಥಾ ಭಾಷಾರಿ? ಚಾಕೂಗ 'ನೈಫ್' ಅಂತಾರ, ಮುಂದ ಒಂದು 'ಕೆ' ಬರ್ದು ಅದನ್ನ ಬಾಯಾಗ ನುಂಗ್ತಾರ!" ಎಂದು ಇಂದೂ ನ್ಯಾಯ ಕೇಳುತ್ತಾಳೆ.

ಮಗಳು ಮದುವೆಯಾಗಿ ಯಾದಗಿರಿಗೆ ಹೋಗುವ ಮುಂಚೆ, ಅವ್ವನ ಹಳೆಯ ಸಂಕಟ ತೀರಲಿ ಎಂದು ಫೋನಿನಲ್ಲಿ ಭಾಷೆ ಕಲಿಸುವ ಆಪ್ ಒಂದನ್ನು ಹಾಕಿಕೊಟ್ಟಳು. ದೇವಮ್ಮ ಎರಡು ವಾರ ಇಂಗ್ಲಿಷ್ ಕಲಿತಳು. ಮೂರನೆಯ ವಾರ ಅಡುಗೆಮನೆಯಿಂದ ಬೇರೆ ಏನೋ ಕೇಳತೊಡಗಿತು. ರೊಟ್ಟಿ ಬಡಿಯುತ್ತ, "ಆಬ್ಲೊ, ಆಬ್ಲಸ್, ಆಬ್ಲ, ಅಬ್ಲಾಮೊಸ್" ಎನ್ನುತ್ತಿದ್ದಳು. ನಾನು ಒಳಗೆ ಇಣುಕಿ, "ಏನಾತು, ಬಾಯಿ ಸುಟ್ಟಿತೇನು?" ಎಂದೆ.

"ಸ್ಪ್ಯಾನಿಷ್ ರೀ. ಮಾತಾಡ್ತೀನಿ, ಮಾತಾಡ್ತಿ, ಮಾತಾಡ್ತಾನ, ಮಾತಾಡ್ತೀವಿ. 'ಎಚ್' ಒಂದು ಬಿಟ್ರ ಇದು ಬರ್ದಂಗ ಓದೂ ಭಾಷಾ. ನಮ್ಮ ಕನ್ನಡದಂಗ 'ನಾನು', 'ನೀನು' ಅಂತ ಒದರೂದೂ ಬ್ಯಾಡ. ಕ್ರಿಯಾಪದದ ಬಾಲ ನೋಡಿದ್ರ ಯಾರಂತ ತಿಳೀತೈತಿ."

ಇಂಗ್ಲಿಷಿನ ಬಾಗಿಲಲ್ಲಿ ಅವಮಾನವಾದವಳು ಸಿಟ್ಟಿನಿಂದ ನಡೆದು ಪಕ್ಕದ ಮನೆಗೆ ಹೋಗಿ ಊಟಕ್ಕೇ ಕೂತುಬಿಟ್ಟಿದ್ದಳು. ನಾಲ್ಕು ದಿನದ ಹುಮ್ಮಸ್ಸು ಎಂದುಕೊಂಡೆ. ಒಂದು ವರ್ಷವಾಯಿತು. ಅಷ್ಟರಲ್ಲಿ ಆ ಆಪ್ ಮೂಲಕವೇ ಅವಳಿಗೊಬ್ಬ ಗೆಳತಿಯೂ ಸಿಕ್ಕಿದ್ದಳು. ಹೆಸರು ಎಲೆನಾ, ಸ್ಪೇನ್ ದೇಶದ ಯಾವುದೋ ಸಣ್ಣ ಊರಿನವಳು, ವಯಸ್ಸು ದೇವಮ್ಮನಷ್ಟೇ. ಅವಳಿಗೂ ಬಟ್ಟೆ ತುಂಡು ಜೋಡಿಸಿ ಹೊಲಿಯುವ ಹುಚ್ಚು. ಭಾನುವಾರ ಸಂಜೆ ನಾಲ್ಕಕ್ಕೆ ವಿಡಿಯೋ ಕರೆ. ಅರ್ಧ ಗಂಟೆ ಇವಳು ಕೌದಿ ಕಲಿಸಬೇಕು, ಅರ್ಧ ಗಂಟೆ ಅವಳು ಮಾತು ಕಲಿಸಬೇಕು. ಇಬ್ಬರಿಗೂ ಇಂಗ್ಲಿಷ್ ಸರಿಯಾಗಿ ಬಾರದು ಎಂಬುದೇ ಆ ಗೆಳೆತನದ ಗಟ್ಟಿ ಬುನಾದಿ. ನಡುವೆ ತಲೆಹಾಕಲು ಮೂರನೆಯ ಭಾಷೆ ಇಲ್ಲವಲ್ಲ.

ಒಂದು ಭಾನುವಾರ ಕರೆ ಮುಗಿದ ಮೇಲೆ ದೇವಮ್ಮ ಸುಮ್ಮನೆ ಕೂತಳು. ಮರುದಿನವೂ ಸುಮ್ಮನಿದ್ದಳು. ಅವಳು ಎರಡು ದಿನ ಸುಮ್ಮನಿದ್ದರೆ ಮನೆಯಲ್ಲಿ ಗಡಿಯಾರದ ಸದ್ದೂ ಕೇಳಿಸಿ ನನಗೆ ಹೆದರಿಕೆಯಾಗುತ್ತದೆ. ಮೂರನೆಯ ದಿನ ತಾನೇ ಹೇಳಿದಳು. ಎಲೆನಾಳ ಊರಿನ ಗ್ರಂಥಾಲಯದಲ್ಲಿ ಹೊಲಿಯುವ ಹೆಣ್ಣುಮಕ್ಕಳದೊಂದು ಗುಂಪಿದೆಯಂತೆ. ಅವರಿಗೆ ದೇವಮ್ಮ ಫೋನಿನಲ್ಲಿ ಅರ್ಧ ಗಂಟೆ ಕೌದಿಯ ವಿಷಯ ಹೇಳಬೇಕಂತೆ, ಸ್ಪ್ಯಾನಿಷಿನಲ್ಲಿ.

"ಒಪ್ಕೊಂಡೀನ್ರಿ," ಎಂದಳು. "ನಮ್ಮವ್ವ ತೀರಿ ಮೂರು ವರ್ಷಾತು. ಇಷ್ಟು ಕೌದಿ ಹೊಲದೀನಿ, ಯಾರು ಕಲಿಸಿದ್ರು ಅಂತ ಇಲ್ಲಿ ಒಬ್ರೂ ಕೇಳಿಲ್ಲ. ಅಲ್ಲ್ಯಾರೋ ಕೇಳಾಕತ್ತಾರ. ಅವ್ವನ ಹೆಸರು ಹೇಳ್ಬೇಕು."

ನನಗೆ ಎದೆ ಉಬ್ಬಿತು. ಎದೆ ಉಬ್ಬಿದಾಗ ನನ್ನಂಥವನು ಮಾಡುವ ಮೊದಲ ಕೆಲಸವೆಂದರೆ, ಕರೆಯದಿದ್ದರೂ ಗುರುವಾಗಿ ನಿಲ್ಲುವುದು. ಅವಳು ಬರೆದುಕೊಂಡ ಹಾಳೆಯನ್ನು ಕಸಿದುಕೊಂಡೆ. ಮೊದಲ ವಾಕ್ಯವನ್ನು ಅವಳು ನನಗಾಗಿ ಕನ್ನಡ ಲಿಪಿಯಲ್ಲೂ ಬರೆದುಕೊಟ್ಟಳು: 'ಮಿ ಮಾದ್ರೆ ಮೆ ಎನ್‌ಸೆನ್ಯೊ'. ಅಂದರೆ, ನನ್ನ ಅವ್ವ ನನಗೆ ಕಲಿಸಿದಳು. ಅವಳು ಅದನ್ನು ಓದುವಾಗ ಕೊನೆಯ 'ನ್ಯೊ' ಎಂಬಲ್ಲಿ ದನಿ ಎತ್ತಿ ಎಳೆದು 'ಎನ್‌ಸೆನ್ಯೋ' ಎಂದಳು. ನನ್ನ ರೋಗ ಕೆರಳಿತು.

"ತಡಿ, ತಡಿ. ಅಲ್ಲಿ ಯಾಕ ಒತ್ತು ಕೊಡಾಕತ್ತೀ? 'ನ್ಯೊ' ಒತ್ತಕ್ಷರ. ಒತ್ತಕ್ಷರದ ಹಿಂದಿನ ಅಕ್ಷರ ಗುರು. ಅಂದ್ರ 'ಸೆ' ಗುರು. ಅದರ ಹಿಂದಿನ 'ಎ'ನೂ ಗುರು. ಕೊನೀದು ಬರೇ ಲಘು. ಲಘು ಮ್ಯಾಲ ಯಾರಾದ್ರೂ ಭಾರ ಹೇರ್ತಾರೇನು? 'ಎನ್‌ಸೇನ್ಯೊ' ಅನ್ನು."

"ಫೋನಿನ್ಯಾಗ ಪಾಠ ಹೇಳೂ ಹೆಣ್ಮಗಳು ಹಂಗ ಅನ್ನೂದಿಲ್ರಿ. ಮತ್ತ ಇಲ್ಲಿ ನೋಡ್ರಿ, ಕೊನೀ ಅಕ್ಷರಕ್ಕ ಟಿಕಳಿ ಐತಿ," ಎಂದು ಮೂಲದ ಸಾಲು ತೋರಿಸಿದಳು. ಹಣೆಗೆ ಇಟ್ಟುಕೊಳ್ಳುವ ಟಿಕಳಿಯಂತೆ ಆ ಕೊನೆಯ ಸ್ವರದ ತಲೆಯ ಮೇಲೊಂದು ಓರೆಗೀರು ನಿಜವಾಗಿಯೂ ಇತ್ತು.

"ಅದು ಪೆನ್ನು ಜಾರಿ ಬಿದ್ದ ಕಸ ಇರಬೇಕು. ಫೋನಿನಾಕಿಗೆ ಛಂದಸ್ಸು ಗೊತ್ತೇನು?" ಎಂದೆ.

ಇದನ್ನು ಬರೆಯುವಾಗ ಈಗ ನಾಚಿಕೆಯಾಗುತ್ತದೆ. ಮಗಳ ಕಾಲದ ಕರಿಹಲಗೆಯೊಂದು ಅಟ್ಟದ ಮೇಲಿತ್ತು. ಅದನ್ನು ಇಳಿಸಿ, ಒರೆಸಿ, ಅವಳ ಭಾಷಣವನ್ನೆಲ್ಲ ಬರೆದು, ಪ್ರತಿ ಅಕ್ಷರದ ಮೇಲೆ ಗುರು-ಲಘು ಹಾಕಿದೆ. ಸ್ಪೇನಿನವರು ಸಾವಿರ ವರ್ಷ ಮಾತಾಡಿ ಕೆಡಿಸಿಕೊಂಡ ಭಾಷೆಯನ್ನು ಶಹಾಪುರದ ಒಂದು ಪಡಸಾಲೆಯಲ್ಲಿ ನಾಲ್ಕೇ ದಿನಕ್ಕೆ ರಿಪೇರಿ ಮಾಡಿದೆ. ಮೂವತ್ತು ವರ್ಷ ನನ್ನ ತಿದ್ದುಪಡಿಗೆ ಕಿವಿಗೊಟ್ಟವಳು ಇದಕ್ಕೂ ಕೊಟ್ಟಳು. ಅವಳ ಕಿವಿ ಸರಿಯಿತ್ತು. ನನ್ನ ದನಿ ದೊಡ್ಡದಿತ್ತು.

ಆ ಭಾನುವಾರ ಎಲೆನಾಳ ಎದುರು ತಾಲೀಮು. ನಾನು ಫೋನಿಗೆ ಕಾಣದಂತೆ ಬಾಗಿಲ ಬದಿಯಲ್ಲಿ, ಪರೀಕ್ಷೆ ಬರೆಯುವ ಮಗುವಿನ ಅಪ್ಪನ ಹಾಗೆ ನಿಂತಿದ್ದೆ. ದೇವಮ್ಮ ನಾನು ಕಲಿಸಿದಂತೆ 'ಎನ್‌ಸೇನ್ಯೊ' ಎಂದಳು. ಎಲೆನಾ ಹುಬ್ಬು ಗಂಟಿಕ್ಕಿದಳು. ಏನೋ ಕೇಳಿದಳು. ದೇವಮ್ಮ ಮತ್ತೆ ಹಾಗೆಯೇ ಹೇಳಿದಳು. ಎಲೆನಾ ನಗುತ್ತ ಇನ್ನೊಂದು ಸಲ ಕೇಳಿದಳು. ಆಗ ದೇವಮ್ಮನ ಮುಖ ಇಳಿಯಿತು. ಹೇಗೋ ಕರೆ ಮುಗಿಸಿ ನನ್ನ ಕಡೆ ತಿರುಗಿದಳು.

"ಏನಂದಳು?" ಎಂದೆ.

"'ಅಂದ್ರ ನಿಮ್ಮವ್ವಗ ನೀನು ಕಲಿಸ್ತೀಯಾ?' ಅಂತ ಕೇಳಿದ್ಲು. ನೀವು ಹೇಳಿದಂಗ ಅಂದ್ರ 'ನಾನು ಕಲಿಸ್ತೀನಿ' ಅಂತ ಆಗ್ತೈತಂತ್ರಿ. ಕೊನೀ ಅಕ್ಷರಕ್ಕ ಒತ್ತಿದ್ರ 'ಆಕಿ ಕಲಿಸಿದ್ಲು' ಅಂತ." ಫೋನನ್ನು ಕೆಳಗಿಟ್ಟಳು. "ತೀರಿಹೋದ ನಮ್ಮವ್ವಗ ನಾ ಕಲಿಸ್ತೀನಿ ಅಂತ ಹೇಳಿಸಿದ್ರಿ ನನ್ನ ಕಡೀಂದ! ಆಕಿ ಕಲಿಸಿದ್ದನ್ನ ನನ್ನ ಹೆಸರಿಗೆ ಬರಕೊಂಡಂಗಾತು."

ಬಯ್ದಿದ್ದರೆ ಸಹಿಸಬಹುದಿತ್ತು. ಅವಳು ಬಯ್ಯಲಿಲ್ಲ. ಕರಿಹಲಗೆಯನ್ನು ಎತ್ತಿ ಗೋಡೆಯ ಕಡೆ ಮುಖ ಮಾಡಿ ಇಟ್ಟಳು. ತರಗತಿಯಲ್ಲಿ ತಪ್ಪು ಮಾಡಿದ ಮಕ್ಕಳನ್ನು ನಾನು ನಿಲ್ಲಿಸುವುದೂ ಹಾಗೆಯೇ. ಆಮೇಲೆ ಹಿಟ್ಟು ನಾದಲು ಒಳಗೆ ಹೋದಳು. ಆವತ್ತಿನ ರೊಟ್ಟಿ ಬಡಿತದಲ್ಲಿ ಗುರು ಮಾತ್ರ ಇತ್ತು, ಲಘು ಒಂದೂ ಇರಲಿಲ್ಲ.

ಮರುದಿನದಿಂದ ನಾನು ವಿದ್ಯಾರ್ಥಿಯಾದೆ. ಮಗಳಿಗೆ ಫೋನ್ ಮಾಡಿ ಸ್ಪ್ಯಾನಿಷ್ ಉಚ್ಚಾರದ ಪಾಠ ಎಲ್ಲಿ ಸಿಗುತ್ತದೆಂದು ಕೇಳಿಕೊಂಡು, ಶಾಲೆಯ ಬಿಡುವಿನಲ್ಲಿ ಕೂತು ನೋಡಿದೆ. ಎಷ್ಟು ಸರಳ ನಿಯಮ! ಪದದ ಕೊನೆಗೆ ಸ್ವರ ಇದ್ದರೆ, ಅಥವಾ ನ್, ಸ್ ಇದ್ದರೆ, ಕೊನೆಯದಕ್ಕಿಂತ ಹಿಂದಿನ ಅಕ್ಷರಕ್ಕೆ ಒತ್ತು. ಬೇರೆ ವ್ಯಂಜನ ಇದ್ದರೆ ಕೊನೆಯ ಅಕ್ಷರಕ್ಕೆ. ಈ ನಿಯಮ ಮುರಿಯುವ ಪದವಿದ್ದರೆ, ಎಲ್ಲಿ ಒತ್ತಬೇಕೋ ಅಲ್ಲಿ ಟಿಕಳಿ. ನಾನು ಕಸ ಎಂದು ಒರೆಸಿಹಾಕಿದ್ದು ಆ ಭಾಷೆಯವರು ನನ್ನಂಥವರಿಗಾಗಿಯೇ ನೆಟ್ಟ ಕೈಮರವಾಗಿತ್ತು. ನಮ್ಮ ಗುರು ಎಂದರೆ ಕಾಲದ ಲೆಕ್ಕ, ಎರಡು ಮಾತ್ರೆ. ಅವರ ಒತ್ತು ಎಂದರೆ ದನಿಯ ಭಾರ. ಅಳೆಯುವ ಸೇರೇ ಬೇರೆ. ಸೇರು ಬೇರೆ ಎಂದು ತಿಳಿಯದೆ ನಾನು ಹಾಲನ್ನು ಮೊಳದಲ್ಲಿ ಅಳೆಯಹೊರಟಿದ್ದೆ.

ಸಂಜೆ ಮನೆಗೆ ಬಂದು, ಹಲಗೆಯನ್ನು ನಾನೇ ತಿರುಗಿಸಿ, ಗುರು-ಲಘು ಎಲ್ಲ ಅಳಿಸಿ, "ನನ್ನದು ತಪ್ಪಾಯ್ತು" ಎಂದೆ. ದೇವಮ್ಮ ಒಂದು ಕ್ಷಣ ನನ್ನ ಹಣೆ ಮುಟ್ಟಿ ನೋಡಿದಳು, ಜ್ವರವಿದೆಯೇನೋ ಎಂದು. ಆಮೇಲೆ ಜೊತೆಗೆ ಕೂತಳು.

ಮುಂದಿನ ತೊಡಕು 'ಹೊಲಿದಳು' ಎಂಬ ಪದದ್ದು. ನಾನು ಅದನ್ನು 'ಕೊ-ಸಿ-ಯೋ' ಎಂದು ಮೂರು ತುಂಡು ಮಾಡಿದೆ. ಎರಡು ಸ್ವರ ಪಕ್ಕಪಕ್ಕ ಬಂದರೆ ನಡುವೆ ಒಂದು ಯಕಾರ ತಂದು ಕೂಡಿಸುವುದು ನಮ್ಮ ಪದ್ಧತಿ. ದೇವಮ್ಮ ತಲೆಯಾಡಿಸಿದಳು. "ಮೂರಲ್ರಿ, ಎರಡ. ಕೊ-ಸ್ಯೋ. ನಾವು 'ಹೋಗಿ ಆಳ' ಅಂತೀವೇನು? 'ಹೋಗ್ಯಾಳ' ಅಂತೀವಿ. ಇದೂ ಹಂಗ. ಟಿಕಳಿ 'ಓ' ಮ್ಯಾಲಿದ್ರ ಪಕ್ಕದ 'ಇ' ಸುಮ್ನ ಅದರ ಮನ್ಯಾಗ ಸೇರ್ಕೋತೈತಿ. ಟಿಕಳಿ 'ಇ' ಮ್ಯಾಲ ಬಂತಂದ್ರ ಅದು ಬ್ಯಾರೆ ಮನಿ ಮಾಡ್ತೈತಿ. ಕೊ-ಸೀ-ಅ, ಮೂರು. ಹೊಲೀತಿದ್ಲು ಅಂತ ಅರ್ಥ. ಅವ್ವ ಪ್ರತಿ ಬ್ಯಾಸಗಿಗೆ ಹೊಲೀತಿದ್ಲು, ಕೊಸೀಅ. ನನ್ನ ಮದವಿಗಂತ ಈ ಒಂದು ಕೌದಿ ಹೊಲಿದ್ಲು, ಕೊಸ್ಯೋ."

ನನ್ನ ಕೈಯಲ್ಲಿನ ಸುಣ್ಣದ ಕಡ್ಡಿ ಅಲ್ಲೇ ನಿಂತಿತು. 'ಹೋಗ್ಯಾಳ'! ನಾನು ಪ್ರತಿ ವರ್ಷ ಹಲಗೆಯ ಮೇಲೆ 'ಅತಿ' ಮತ್ತು 'ಅಂತ' ಸೇರಿದರೆ 'ಅತ್ಯಂತ' ಎಂದು ಬರೆದು, ಯಣ್ ಸಂಧಿ ಎಂದು ಭಕ್ತಿಯಿಂದ ಹೆಸರು ಹೇಳಿ, ಅಡಿಗೆರೆ ಎಳೆಯುತ್ತೇನೆ. ನಮ್ಮ ರಂಗಂಪೇಟೆಯ ಕುರಿಗಾರರ ಬಾಯಲ್ಲಿ ಅದೇ ಇಕಾರ ಅಷ್ಟೇ ಸೊಗಸಾಗಿ ಯಕಾರವಾದರೆ ಕೆಂಪು ಪೆನ್ನಿನಿಂದ ಅಡ್ಡಗೆರೆ ಎಳೆಯುತ್ತೇನೆ. ಸ್ಪ್ಯಾನಿಷ್ ಕ್ರಿಯಾಪದವನ್ನು ಸರಿಯಾಗಿ ತುಂಡರಿಸಲು ನನ್ನ ಹೆಂಡತಿಗೆ ನೆರವಾದದ್ದು ಮನೆಯಲ್ಲಿ ನಾನೂ ಆಡುತ್ತಲೇ ಮೂವತ್ತು ವರ್ಷ ಅವಳ ನಾಲಗೆಯಿಂದ ಮಾತ್ರ ಕಿತ್ತುಹಾಕಲು ಹೆಣಗಿದ ಮಾತು. ಪುಣ್ಯಕ್ಕೆ ಆ ಕೆಲಸದಲ್ಲಿ ನಾನು ಗೆದ್ದಿರಲಿಲ್ಲ.

ಭಾಷಣ ರಂಗಂಪೇಟೆಯಿಂದಲೇ ಆಗಬೇಕೆಂದು ದೇವಮ್ಮ ಹಟ ಹಿಡಿದಳು. ಅವ್ವ ಹೊಲಿಯುತ್ತಿದ್ದ ಪಡಸಾಲೆ ಅದೇ. ಭಾಷಣದ ದಿನ ನಾವು ಮಧ್ಯಾಹ್ನವೇ ಹೋದೆವು. ಅವಳ ತಮ್ಮ ಹಣಮಂತ ನೆಟ್‌ವರ್ಕ್ ಚೆನ್ನಾಗಿ ಸಿಗುವ ಜಾಗವನ್ನು ಬೆಳಿಗ್ಗೆಯೇ ಹುಡುಕಿ ಅಲ್ಲೊಂದು ಕುರ್ಚಿ ಹಾಕಿದ್ದ. ಹಿಂದೆ ಅವ್ವನ ಕೌದಿ ಕಾಣಬೇಕು. ಗೋಡೆಗೆ ಮೊಳೆ ಹೊಡೆದರೆ ಮಣ್ಣು ಉದುರುತ್ತದೆ. ಕೊನೆಗೆ ನಾನೊಂದು ತುದಿ, ಹಣಮಂತ ಒಂದು ತುದಿ ಎತ್ತಿ ಹಿಡಿದು ನಿಂತೆವು. ಕೌದಿ ದೊಡ್ಡದು, ಭಾರದ್ದು. ಅತ್ತಲಿನವರಿಗೆ ನಮ್ಮಿಬ್ಬರ ನಾಲ್ಕು ಕೈಗಳಷ್ಟೇ ಕಾಣುತ್ತಿದ್ದವು. ನನಗೆ ಕಾಣುತ್ತಿದ್ದದ್ದು ಅತ್ತೆಯ ಹಳೆಯ ಇಳಕಲ್ ಸೀರೆಯ ಒಂದು ಚೌಕ ಮತ್ತು ಮಾವನ ಧೋತರದ ಒಂದು ತುಂಡು, ಮೂಗಿಗೆ ತಾಗುವಷ್ಟು ಹತ್ತಿರ.

ಆದ್ದರಿಂದ ನನ್ನ ಹೆಂಡತಿಯ ಮೊದಲ ಭಾಷಣವನ್ನು ನಾನು ನೋಡಲಿಲ್ಲ, ಕೇಳಿದೆ. ನಮಸ್ಕಾರ ಹೇಳಿದಳು, ಊರ ಹೆಸರು ಹೇಳಿದಳು, ತನ್ನ ಹೆಸರು ಹೇಳಿದಳು. ಒಂದು ಉಸಿರು ತೆಗೆದುಕೊಂಡಳು. ನಾನು ಕೌದಿಯ ತುದಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆ. "ಮಿ ಮಾದ್ರೆ ಮೆ ಎನ್‌ಸೆನ್ಯೋ" ಎಂದಳು. ಕೊನೆಯ ಅಕ್ಷರ ಆ ಪಡಸಾಲೆಯಲ್ಲಿ ನೆಟ್ಟಗೆ ಎದ್ದು ನಿಂತಿತು. ಅನುಮಾನಕ್ಕೆ ಎಡೆಯೇ ಇರಲಿಲ್ಲ. ಅವ್ವ ಕಲಿಸಿದಳು, ಮಗಳಿಗೆ. ಆಮೇಲೆ ಅವ್ವನ ಹೆಸರು ಹೇಳಿದಳು, "ಯಲ್ಲಮ್ಮ" ಎಂದು, ಯಾವ ಭಾಷೆಯ ನಿಯಮಕ್ಕೂ ಬಗ್ಗಿಸದೆ. ಅತ್ತಲಿಂದ ಇಪ್ಪತ್ತು ಹೆಂಗಸರು ಒಟ್ಟಿಗೆ ಆ ಹೆಸರನ್ನು ತಮ್ಮ ಬಾಯಲ್ಲಿ ಹೇಳಿಕೊಂಡ ಸದ್ದು ಫೋನಿನಿಂದ ಬಂತು. ಕೌದಿಯ ಆ ತುದಿ ಅಲುಗಿತು. ಹಣಮಂತ ಒಂದು ಕೈ ಬಿಟ್ಟು ಕಣ್ಣೊರೆಸಿಕೊಳ್ಳುತ್ತಿದ್ದ.

"ಒಂದಕ್ಷರ ತಿಳೀಲಿಲ್ಲ ಮಾಮಾ," ಎಂದು ಪಿಸುಗುಟ್ಟಿದ, "ಆದ್ರ ಅವ್ವನ ಹೆಸರು ಬಂತು ನೋಡ್ರಿ."

ಭಾಷಣ ಮುಗಿದ ಮೇಲೆ ಪ್ರಶ್ನೆಗಳು. ಇದಕ್ಕೆ ಹಾಳೆ ಇರಲಿಲ್ಲ, ಹಲಗೆ ಇರಲಿಲ್ಲ. ಒಂದು ಮುದಿ ದನಿ ಏನೋ ಕೇಳಿತು, ಕೊನೆಗೆ 'ಕಂತಾಬ' ಎಂದಿತು. ನಾನು ಕೌದಿಯ ಹಿಂದೆ ನಿಂತೇ ಅದನ್ನು ತುಂಡರಿಸಿದೆ: ಕಂ-ತಾ-ಬ, ಕೊನೆಗೆ ಸ್ವರ, ಒತ್ತು ಹಿಂದಿನದಕ್ಕೆ, ಪಾಠದಲ್ಲಿ ಬಂದಿದ್ದ ಪದ, ಹಾಡುತ್ತಿದ್ದಳು. ಹೊಲಿಯುವಾಗ ಅವ್ವ ಹಾಡುತ್ತಿದ್ದಳೇ ಎಂದು ಕೇಳುತ್ತಿದ್ದಾಳೆ! ಪರದೇಶದ ಮುದುಕಿಯ ಒಂದು ಕ್ರಿಯಾಪದ ನನಗೆ ತಿಳಿದುಬಿಟ್ಟಿತ್ತು. ಯಾರಿಗಾದರೂ ಹೇಳಬೇಕೆನಿಸಿತು. ಹಣಮಂತ ಬಿಟ್ಟರೆ ಯಾರೂ ಇರಲಿಲ್ಲ. ಅಷ್ಟರಲ್ಲಿ ದೇವಮ್ಮ "ಸೀ, ಕಂತಾಬ" ಎಂದು, ಅವ್ವ ಗುನುಗುತ್ತಿದ್ದ ಒಂದು ಹಾಡಿನ ಎರಡು ಸಾಲನ್ನು ನಮ್ಮ ಭಾಷೆಯಲ್ಲೇ ಹಾಡಿಬಿಟ್ಟಳು. ಪಿಯುಸಿಯಲ್ಲಿ ಒಂದು ಭಾಷೆಗೆ ಎಡವಿದವಳು ಇನ್ನೊಂದು ಭಾಷೆಯ ನಡುಮನೆಯಲ್ಲಿ ಕೂತು ಹಾಡುತ್ತಿದ್ದಾಳೆ. ನನ್ನ ತೋಳುಗಳು ಸೋತು ಹೋಗಿದ್ದವು. ಇನ್ನೊಂದು ಗಂಟೆ ಹಿಡಿ ಎಂದಿದ್ದರೂ ಹಿಡಿಯುತ್ತಿದ್ದೆ.

ಕೊನೆಯಲ್ಲಿ ಯಾರೋ ಒಬ್ಬಳು ಇನ್ನೇನೋ ಕೇಳಿದಳು. ದೇವಮ್ಮ ಎರಡೇ ಮಾತಿನಲ್ಲಿ ಉತ್ತರ ಕೊಟ್ಟಳು. ಅತ್ತ ನಗೆಯ ಅಲೆ ಎದ್ದಿತು, ಆಮೇಲೆ ಚಪ್ಪಾಳೆ. ಆ ಚಪ್ಪಾಳೆಯಲ್ಲಿ ನನಗೂ ಒಂದು ಪಾಲಿದೆ ಎಂದು ಏಕೋ ಅನಿಸಿ, ಕೌದಿಯ ಹಿಂದಿನಿಂದಲೇ ಒಂದು ನಮಸ್ಕಾರ ಹಾಕಹೋದೆ. ಕೌದಿ ಕೈಜಾರಿ ಹಣಮಂತನ ತಲೆಯ ಮೇಲೆ ಬಿತ್ತು. ಅತ್ತ ಇನ್ನೂ ಜೋರಾಗಿ ಚಪ್ಪಾಳೆಯಾಯಿತು.

ಸುರಪುರದಲ್ಲಿ ಶಹಾಪುರದ ಬಸ್ಸು ಹತ್ತಿ ಕೂತ ಮೇಲೆ ಕೇಳಿದೆ. "ಕೊನೀಗೆ ಏನಂದಿ? ಎಲ್ರೂ ನಕ್ರು."

"'ಹಿಂದ ಕೌದಿ ಹಿಡಿದವ್ರು ಯಾರು' ಅಂತ ಕೇಳಿದ್ರು. ಒಬ್ಬಾವ ನನ್ನ ತಮ್ಮ ಅಂದೆ. ಇನ್ನೊಬ್ರು 'ಮಿ ಮಾರೀದೊ. ಅಪ್ರೆಂದೆ' ಅಂದೆ. ನನ್ನ ಗಂಡ, ಕಲಿಯಾಕತ್ತಾರ ಅಂತ."

ನಾನು ಮನಸ್ಸಿನಲ್ಲೇ ಪದವನ್ನು ತುಂಡರಿಸಿದೆ. ಅ-ಪ್ರೆಂ-ದೆ. ಕೊನೆಗೆ ಸ್ವರ, ಒತ್ತು ನಡುವಿನದಕ್ಕೆ, ವರ್ತಮಾನ ಕಾಲ. ಎಲ್ಲ ಸರಿ ಇತ್ತು. ಆದರೂ ಒಂದು ಆಸೆ ಬಿಡಲಿಲ್ಲ. ಯಾರ ಸಹಾಯವೂ ಇಲ್ಲದೆ ರೂಪ ಕಟ್ಟಿ, 'ಇ'ಯನ್ನು 'ಓ'ದ ಮನೆಗೆ ಸೇರಿಸಿ, ಕೊನೆಯ ಅಕ್ಷರಕ್ಕೆ ಒತ್ತು ಕೊಟ್ಟು ಹೇಳಿದೆ: "'ಅಪ್ರೆಂದ್ಯೋ' ಅನ್ನಬಹುದಿತ್ತಲ್ಲ? ಕಲಿತ್ರು ಅಂತ?"

ದೇವಮ್ಮ ನನ್ನ ಕಡೆ ತಿರುಗಿ ನೋಡಿದಳು. ಪದ ಸರಿಯಾಗಿತ್ತು, ಅವಳ ಮುಖದಲ್ಲಿ ಅದು ತಿಳಿಯುತ್ತಿತ್ತು. ಮೂವತ್ತು ವರ್ಷದಲ್ಲಿ ಮೊದಲ ಸಲ ನನಗೆ ಶಾಬಾಸ್ ಎನ್ನುತ್ತಾಳೆ ಎಂದುಕೊಂಡೆ.

"ಪದ ಬರಾಬರಿ ಐತ್ರಿ," ಎಂದಳು. "ಆದ್ರ ಮುಗೀಲಾರದ ಕೆಲಸಕ್ಕ ಭೂತಕಾಲ ಹೆಂಗ ಹಚ್ಚಲಿ?"

ಕಿಟಕಿಯ ಕಡೆ ಮುಖ ಮಾಡಿ, ಶಹಾಪುರ ಬರುವವರೆಗೂ ಆ ಮಾತಿನಲ್ಲಿ ಒಂದಾದರೂ ತಪ್ಪು ಸಿಗುತ್ತದೇನೋ ಎಂದು ಹುಡುಕಿದೆ. ಸಿಗಲಿಲ್ಲ.